ಒಕ್ಕಲಿಗನ ಗುರು ಯಾರು?

ಧ್ಯಾನದ ಆಧಾರ: ಯೆಶಾಯನ ಪ್ರವಾದನೆ, 28ನೆಯ ಅಧ್ಯಾಯ, 23ರಿಂದ 29ನೆಯ ವಚನಗಳು. ಇದನ್ನು ಓದುವವರು ಮೊದಲು ಸತ್ಯವೇದವನ್ನು ತೆರೆದು, ಆ ಏಳು ವಚನಗಳನ್ನು ಮನೆಯವರೆಲ್ಲರ ಮುಂದೆ ಗಟ್ಟಿಯಾಗಿ ಓದಲಿ.



ಪ್ರವಾದಿಯಾದ ಯೆಶಾಯನು ಯೆರೂಸಲೇಮಿನ ಅಧಿಕಾರಿಗಳನ್ನೂ ಯಾಜಕರನ್ನೂ ಗದರಿಸುತ್ತಿರುವಾಗ, ನಡುವೆ ಅವರನ್ನು ಬಿಟ್ಟು ಹೊಲಕ್ಕೆ ಇಳಿಯುತ್ತಾನೆ. ಒಕ್ಕಲಿಗನು ವರುಷವೆಲ್ಲಾ ರಂಟೆ ಹೊಡೆಯುತ್ತಲೇ ಇರುತ್ತಾನೋ ಎಂದು ಕೇಳುತ್ತಾನೆ. ನೆಲವನ್ನು ಹಸನು ಮಾಡಿದ ಮೇಲೆ ಅವನು ಬಿತ್ತುತ್ತಾನಲ್ಲವೇ? ಕರೀಜೀರಿಗೆಯನ್ನು ಒಂದು ರೀತಿಯಲ್ಲಿ ಚೆಲ್ಲುತ್ತಾನೆ, ಗೋಧಿಯನ್ನು ಸಾಲಿನಲ್ಲಿ ಹಾಕುತ್ತಾನೆ, ಹೊಲದ ಅಂಚಿಗೆ ಬೇರೊಂದು ಧಾನ್ಯವನ್ನು ಇಡುತ್ತಾನೆ. ಒಕ್ಕುವಾಗಲೂ ಹಾಗೆಯೇ. ಜೀರಿಗೆಯ ಮೇಲೆ ಬಂಡಿಯ ಗಾಲಿಯನ್ನು ಉರುಳಿಸದೆ ಕೋಲಿನಿಂದ ಬಡಿಯುತ್ತಾನೆ. ರೊಟ್ಟಿಯ ಧಾನ್ಯವನ್ನಾದರೋ ತುಳಿಸಿದರೂ ಪುಡಿಯಾಗುವ ತನಕ ತುಳಿಸುವದಿಲ್ಲ. ಈ ವಿವೇಕವು ಅವನಿಗೆ ಎಲ್ಲಿಂದ ಬಂತು? ಅವನಿಗೆ ಕಲಿಸಿದವನು ಅವನ ದೇವರೇ ಎಂದು ಪ್ರವಾದಿಯು ಹೇಳುತ್ತಾನೆ.

ಪ್ರಿಯರೇ, ಇದು ಸಣ್ಣ ಮಾತಲ್ಲ. ಪವಿತ್ರ ಗ್ರಂಥದಲ್ಲಿ ದೇವರು ಮೋಶೆಗೆ ಧರ್ಮಶಾಸ್ತ್ರವನ್ನು ಕೊಟ್ಟನೆಂದು ಓದುತ್ತೇವೆ, ಸೊಲೊಮೋನನಿಗೆ ಜ್ಞಾನವನ್ನು ಕೊಟ್ಟನೆಂದು ಓದುತ್ತೇವೆ. ಇಲ್ಲಿಯಾದರೋ ಹೆಸರೂ ಊರೂ ತಿಳಿಯದ ಒಬ್ಬ ಒಕ್ಕಲಿಗನು ಅದೇ ದೇವರ ಶಿಷ್ಯನೆಂದು ಎಣಿಸಲ್ಪಟ್ಟಿದ್ದಾನೆ. ಅವನ ಪಾಠಶಾಲೆ ಹೊಲ, ಅವನ ಹಲಗೆ ನೆಲ, ಅವನ ಗುರು ಯೆಹೋವನು.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ನಮ್ಮ ಸಭೆಗಳಲ್ಲಿ ಅನೇಕರು ಹೊಲದ ಕೆಲಸದಿಂದಲೇ ಬದುಕಿದವರ ಮಕ್ಕಳು. ಕೆಲವರಿಗೆ ಸ್ವಂತ ಭೂಮಿಯಿತ್ತು. ಬಹು ಮಂದಿ ಪರರ ಹೊಲದಲ್ಲಿ ದುಡಿದರು, ದನ ಕಾಯ್ದರು, ತೊಗಲು ಹದಮಾಡಿದರು, ಬುಟ್ಟಿ ಹೆಣೆದರು. ಲೋಕವು ಅವರನ್ನು ಏನೂ ತಿಳಿಯದವರೆಂದು ಕರೆಯಿತು. ಇಂದು ಅವರ ಮೊಮ್ಮಕ್ಕಳು ಶಾಲೆಗೆ ಹೋಗುತ್ತಾರೆ, ಹಾಸ್ಟೆಲುಗಳಲ್ಲಿ ಇರುತ್ತಾರೆ, ಗೋವೆಗೂ ಮಂಗಳೂರಿಗೂ ಬೆಂಗಳೂರಿಗೂ ಕೆಲಸಕ್ಕೆ ಹೋಗುತ್ತಾರೆ. ಓದು ದೇವರ ವರವೇ, ಅದಕ್ಕಾಗಿ ಸ್ತೋತ್ರ. ಆದರೆ ಓದಿದ ಮಗನು ತನ್ನ ಅಜ್ಜನ ಕೈಯ ಕೆಲಸವನ್ನು ಕಂಡು ನಾಚಿಕೊಳ್ಳುವದು ನಮ್ಮ ಮನೆಗಳಲ್ಲಿ ಕಾಣುತ್ತಾ ಬಂದಿದೆ. ಲೋಕವು ನಮ್ಮ ಹಿರಿಯರಿಗೆ ಹೇಳಿದ ಸುಳ್ಳನ್ನು ಈಗ ನಮ್ಮ ಮಕ್ಕಳೇ ನಂಬುತ್ತಿದ್ದಾರೆ. ಆದಕಾರಣ ಹೊಲದಲ್ಲಿ ದೇವರು ಕಲಿಸುವದೇನು ಎಂಬದನ್ನು ಮೂರು ಭಾಗಗಳಾಗಿ ಧ್ಯಾನಿಸೋಣ.

ಮೊದಲನೆಯದು: ಸಮಯವನ್ನು ತಿಳಿಯುವದು

ನಮ್ಮ ಸೀಮೆಗೆ ವರುಷಕ್ಕೆ ಬರುವ ಮಳೆ ಸುಮಾರು 600 ಮಿಲಿಮೀಟರ್ ಮಾತ್ರ. ಸಹ್ಯಾದ್ರಿಯ ಆಚೆ ಸುರಿಯುವ ಮಳೆಯಲ್ಲಿ ಸ್ವಲ್ಪ ಪಾಲು ಮಾತ್ರ ನಮಗೆ ದಾಟಿ ಬರುತ್ತದೆ. ಇಂಥ ಸೀಮೆಯಲ್ಲಿ ಒಂದು ಹದ ತಪ್ಪಿದರೆ ಒಂದು ವರುಷದ ರೊಟ್ಟಿ ತಪ್ಪಿತು. ಆದದರಿಂದ ಹಿರಿಯರು ಮುಗಿಲನ್ನೂ ನೆಲವನ್ನೂ ನೋಡುವದನ್ನು ಕಲಿತರು. ಎರೆ ಹೊಲದಲ್ಲಿ ಹಿಂಗಾರಿ ಜೋಳವನ್ನು ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ, ಉತ್ತರಿ ಹಸ್ತ ಮಳೆಗಳ ಹದದಲ್ಲಿ ಬಿತ್ತುವರು. ಬಿತ್ತುವ ಮೊದಲು ಒಕ್ಕಲಿಗನು ಒಂದು ಗೇಣು ಆಳದ ಮಣ್ಣನ್ನು ಹಿಡಿಯಷ್ಟು ತೆಗೆದು, ಉಂಡೆ ಕಟ್ಟಿ, ಕೆಳಗೆ ಬಿಡುತ್ತಾನೆ. ಉಂಡೆ ಕಟ್ಟದಿದ್ದರೆ ತೇವ ಸಾಲದು, ಬೀಜ ಮೊಳೆಯದು. ಬಿದ್ದರೂ ಒಡೆಯದೆ ಅಂಟಿಕೊಂಡರೆ ಹಸಿ ಹೆಚ್ಚಾಯಿತು, ಕೂರಿಗೆಯ ತಾಳಿಗೆ ಮಣ್ಣು ಮೆತ್ತುವದು. ಬಿದ್ದು ಮೆಲ್ಲಗೆ ಒಡೆದರೆ ಹದ ಬಂತು. ಈ ಪರೀಕ್ಷೆಗೆ ಕಾಸಿನ ಖರ್ಚಿಲ್ಲ, ಆದರೆ ಕಾಯುವ ಮನಸ್ಸು ಬೇಕು.

ಕೆಲವು ವಿಶ್ವಾಸಿಗಳು, ನಕ್ಷತ್ರದ ಮಳೆಗಳನ್ನು ಹೆಸರಿಸುವದು ಅನ್ಯದೇವರ ಪೂಜೆಗೆ ಸೇರಿದ್ದೋ ಎಂದು ಕೇಳುತ್ತಾರೆ. ಸೂರ್ಯನು ವರುಷದಲ್ಲಿ 27 ನಕ್ಷತ್ರಗಳನ್ನು ದಾಟುವನೆಂದು ಎಣಿಸಿದರೆ, ಒಂದೊಂದಕ್ಕೆ 13 ಅಥವಾ 14 ದಿನಗಳಾಗುತ್ತವೆ. ರೋಹಿಣಿ, ಮೃಗಶಿರ, ಆರಿದ್ರ, ಉತ್ತರಿ, ಹಸ್ತ, ಚಿತ್ತಿ, ಸ್ವಾತಿ ಎಂಬವು ಓದು ಬಾರದವನ ಕೈಗೆ ಸಿಕ್ಕಿದ ಪಂಚಾಂಗದ ಪುಟಗಳು. ಆಕಾಶದ ಜ್ಯೋತಿಗಳು ಕಾಲಗಳನ್ನೂ ದಿನ ಸಂವತ್ಸರಗಳನ್ನೂ ತೋರಿಸಲಿಕ್ಕೆ ಇಡಲ್ಪಟ್ಟವೆಂದು ಆದಿಕಾಂಡದ ಮೊದಲನೆಯ ಅಧ್ಯಾಯವೇ ತಿಳಿಸುತ್ತದೆ. ನಕ್ಷತ್ರಕ್ಕೆ ಹೆದರುವದು ಬೇರೆ, ಅದರಿಂದ ದಿನ ಎಣಿಸುವದು ಬೇರೆ. ಹೆದರಿಕೆಯನ್ನು ಬಿಡಿರಿ, ಎಣಿಕೆಯನ್ನು ಬಿಡಬೇಡಿರಿ.

ಪಡುವಲಲ್ಲಿ ಮೋಡ ಏಳುವದನ್ನು ಕಂಡು ಮಳೆ ಬರುವದೆಂದು ಹೇಳುವವರನ್ನು ನಮ್ಮ ಕರ್ತನು ಲೂಕನ 12ನೆಯ ಅಧ್ಯಾಯದಲ್ಲಿ ಎತ್ತಿ ಹೇಳುತ್ತಾನೆ. ಅವರ ಮುಗಿಲಿನ ಓದು ತಪ್ಪೆಂದು ಆತನು ಹೇಳಲಿಲ್ಲ. ಮುಗಿಲನ್ನು ಓದಬಲ್ಲವರು ದೇವರು ಕೊಟ್ಟ ಕಾಲವನ್ನು ಓದದೆ ಹೋದರೆಂಬದೇ ಆತನ ದುಃಖ. ಅಂದರೆ ಮೊದಲನೆಯ ಓದು ಎರಡನೆಯದಕ್ಕೆ ಮೆಟ್ಟಿಲು. ಮೊದಲನೆಯದನ್ನೇ ಮರೆತವರು ಎರಡನೆಯದಕ್ಕೆ ಹೇಗೆ ಏರುವರು?

ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹೋಗಿ ನೋಡಿರಿ. ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯದ ಆಚೆಯ ಎತ್ತರದ ನಾಡುಗಳಿಂದ ಹೊರಟು, ಜಗತ್ತಿನಲ್ಲೇ ಅತಿ ಎತ್ತರವಾದ ಆ ಪರ್ವತಗಳನ್ನು ದಾಟಿ, ವರುಷ ವರುಷವೂ ಅಲ್ಲಿಗೆ ಬಂದಿಳಿಯುತ್ತವೆ. ಸುತ್ತಲಿನ ಹೊಲಗಳಲ್ಲಿ ಮೇಯ್ದು, ಬೇಸಿಗೆ ಹತ್ತಿರವಾಗುತ್ತಲೇ ಹಿಂದಿರುಗುತ್ತವೆ. ಈ ಹಕ್ಕಿಗಳ ನಿಮಿತ್ತವಾಗಿಯೇ ಆ ಕೆರೆಯ ಹೆಸರು ದೂರ ಹಬ್ಬಿತು. 2024ರಲ್ಲಿ ಅದು ರಾಮ್ಸಾರ್ ಎಂಬ ಅಂತರರಾಷ್ಟ್ರೀಯ ಒಡಂಬಡಿಕೆಯ ಪಟ್ಟಿಗೆ ಸೇರಿತು. ಆಕಾಶದ ಕೊಕ್ಕರೆಯೂ ಬೆಳವಕ್ಕಿಯೂ ತಮ್ಮ ಬರುವ ಕಾಲವನ್ನು ಅರಿತಿವೆ, ನನ್ನ ಜನರಾದರೋ ನನ್ನ ನ್ಯಾಯವನ್ನು ಅರಿಯರು ಎಂಬ ಅರ್ಥದಲ್ಲಿ ಯೆರೆಮೀಯನು 8ನೆಯ ಅಧ್ಯಾಯದಲ್ಲಿ ಗೋಳಾಡುತ್ತಾನೆ. ಆ ಪ್ರಸಂಗವು ನಮ್ಮ ಕೆರೆಯ ನೀರಿನ ಮೇಲೆ ಪ್ರತಿವರುಷ ನಡೆಯುತ್ತಿದೆ. ಕೇಳುವದಕ್ಕೆ ನಮ್ಮ ಮಕ್ಕಳನ್ನು ಎಂದಾದರೂ ಕರೆದುಕೊಂಡು ಹೋಗಿದ್ದೇವೋ?

ಎರಡನೆಯದು: ಭೇದವನ್ನು ತಿಳಿಯುವದು

ಯೆಶಾಯನ ಒಕ್ಕಲಿಗನು ಎಲ್ಲವನ್ನೂ ಒಂದೇ ಕೋಲಿನಿಂದ ಬಡಿಯುವವನಲ್ಲ. ನಮ್ಮ ಹಿರಿಯರೂ ಹಾಗೆಯೇ ಇದ್ದರು. ಜೋಳದ ತೆನೆಗಳನ್ನು ಕಣದಲ್ಲಿ ಹರವಿ, ಮೇಟಿಗೆ ಎತ್ತುಗಳನ್ನು ಕಟ್ಟಿ ಹಂತಿ ಹೊಡೆದು ತುಳಿಸಿದರು. ಎಳ್ಳಿಗೆ ಆ ಹಂತಿ ಸಲ್ಲದು. ಅದರ ಸಿವುಡುಗಳನ್ನು ನೆಟ್ಟಗೆ ನಿಲ್ಲಿಸಿ ಒಣಗಿಸಿ, ಕಾಯಿ ಬಾಯಿಬಿಟ್ಟ ಮೇಲೆ ಬೋರಲು ಹಿಡಿದು ಕೋಲಿನಿಂದ ಮೆಲ್ಲಗೆ ತಟ್ಟಿದರು. ಕುಸುಬಿಗೆ ಮುಳ್ಳು ಹೆಚ್ಚು. ಆದದರಿಂದ ಇಬ್ಬನಿಯಲ್ಲಿ ಮುಳ್ಳು ಮೆತ್ತಗಿರುವ ನಸುಕಿನಲ್ಲೇ ಅದನ್ನು ಕೊಯ್ದರು. ಅದೇ ಮುಳ್ಳನ್ನು ಬೇಲಿಯಾಗಿ ಉಪಯೋಗಿಸಿ, ದನಗಳು ನುಗ್ಗದ ಹಾಗೆ ಜೋಳದ ಹೊಲದ ಅಂಚಿಗೆ ಕುಸುಬಿಯ ಸಾಲು ಹಾಕಿದರು. ಕಡಲೆಯ ಕುಡಿಯನ್ನು ಎಳೆಯದಿರುವಾಗ ಚಿವುಟಿದರೆ ಗಿಡವು ಕವಲೊಡೆದು ಹೆಚ್ಚು ಕಾಯುವದು, ಚಿವುಟಿದ ಕುಡಿ ಪಲ್ಲೆಗೂ ಆಗುವದು ಎಂದು ಕಂಡರು. ಈಗ ಬಹಳಷ್ಟು ರಾಶಿಯನ್ನು ಯಂತ್ರಗಳೇ ಮಾಡುತ್ತವೆ. ಬೆನ್ನಿನ ನೋವು ಕಡಿಮೆಯಾದದ್ದು ಒಳ್ಳೇದೇ. ಆದರೆ ಒಂದೊಂದು ಜೀವಕ್ಕೂ ಅದರದೇ ಆದ ರೀತಿ ಉಂಟೆಂಬ ತಿಳುವಳಿಕೆಯನ್ನು ಯಂತ್ರವು ನಮ್ಮ ಮಕ್ಕಳಿಗೆ ಕಲಿಸಲಾರದು. ಮನುಷ್ಯರ ವಿಷಯದಲ್ಲಿಯೂ ಈ ತಿಳುವಳಿಕೆ ಬೇಕು. ಮಕ್ಕಳನ್ನು ಬೆಳೆಸುವ ತಾಯಿತಂದೆಗಳೇ, ನಿಮ್ಮ ಮನೆಯಲ್ಲಿ ಜೋಳದಂಥ ಮಗನೂ ಎಳ್ಳಿನಂಥ ಮಗಳೂ ಇರಬಹುದು. ಇಬ್ಬರ ಮೇಲೂ ಒಂದೇ ಗಾಲಿಯನ್ನು ಉರುಳಿಸಬೇಡಿರಿ.

ಭೇದ ತಿಳಿಯದವನಿಂದ ಬರುವ ಅಪಾಯವನ್ನು ಅರಸುಗಳ ಎರಡನೆಯ ಗ್ರಂಥದ 4ನೆಯ ಅಧ್ಯಾಯದಲ್ಲಿ ಓದುತ್ತೇವೆ. ಗಿಲ್ಗಾಲಿನಲ್ಲಿ ಬರವಿದ್ದಾಗ ಪ್ರವಾದಿಗಳ ಮಂಡಲಿಗೆ ಅಡಿಗೆ ಮಾಡಬೇಕಾಯಿತು. ಒಬ್ಬನು ಅಡವಿಗೆ ಹೋಗಿ, ಕಾಡುಬಳ್ಳಿಯ ಕಾಯಿಗಳನ್ನು ಕಂಡು, ಮಡಿಲು ತುಂಬಾ ಕೊಯ್ದು ತಂದು, ಹೆಚ್ಚಿ ಹಂಡೆಗೆ ಹಾಕಿದನು. ಬಾಯಿಗಿಟ್ಟವರು ಹಂಡೆಯಲ್ಲಿ ಮರಣವಿದೆಯೆಂದು ಕೂಗಿಕೊಂಡರು. ಆ ಕಾಯಿ ನಾವು ಹಾಮೆಕ್ಕೆ ಎನ್ನುವದೇ ಎಂದು ಪಂಡಿತರಲ್ಲಿ ಅನೇಕರ ಅಭಿಪ್ರಾಯ. ಒಳ್ಳೇ ಮನಸ್ಸು ಅವನಿಗಿತ್ತು, ಶ್ರದ್ಧೆಯೂ ಇತ್ತು, ದೇವಜನರ ಸಹವಾಸವೂ ಇತ್ತು. ಬಳ್ಳಿಯ ಗುರುತು ಮಾತ್ರ ಇರಲಿಲ್ಲ. ಕರುಣಾಳುವಾದ ದೇವರು ಎಲೀಷನ ಮುಖಾಂತರ ಅವರನ್ನು ಬದುಕಿಸಿದನು. ಆದರೆ ತಾಯಿಯ ಸಂಗಡ ಒಂದು ಬೆಳಗು ಹೊಲಕ್ಕೆ ಹೋಗಿ ಕಲಿಯಬಹುದಾದದ್ದನ್ನು ಅಸಡ್ಡೆಮಾಡಿ, ಅದ್ಭುತಕ್ಕೆ ಕಾದುಕೊಳ್ಳುವದು ವಿಶ್ವಾಸವಲ್ಲ.

ನಮ್ಮ ಅಜ್ಜಿಯರು ಹಕ್ಕರಕಿ, ಗೋಣಿ ಪಲ್ಲೆ, ಕಿರಕಸಾಲಿಗಳನ್ನು ಕಳೆಯ ನಡುವಿನಿಂದ ಕಣ್ಣು ಮುಚ್ಚಿಕೊಂಡೂ ಆರಿಸಬಲ್ಲವರಾಗಿದ್ದರು. 1876ರಿಂದ 1878ರ ವರೆಗಿನ ಭೀಕರ ಬರದಲ್ಲಿ ಕಣಜ ಬರಿದಾದ ಮನೆಗಳವರು ಅಡವಿಯ ಸೊಪ್ಪು, ಬೇರು, ಬೀಜಗಳಿಂದ ದಿನ ನೂಕಿದರು. ಆಗ ಗುರುತು ಬಲ್ಲ ಒಬ್ಬ ಮುದುಕಿ ಕೇರಿಗೇ ಬೆಳಕಾದಳು. ಹಗೇವಿನ ಮಾತನ್ನೂ ನೆನಸಿರಿ. ನೆಲದೊಳಗಿನ ಹಗೇವಿನಲ್ಲಿ ಜೋಳವನ್ನು ಮುಚ್ಚಿಟ್ಟಾಗ ಒಳಗಿನ ಗಾಳಿ ಕೆಡುತ್ತದೆ. ಬಾಯಿ ತೆರೆದ ಕೂಡಲೆ ಇಳಿದವನು ಉಸಿರುಕಟ್ಟಿ ಸಾಯುವನು. ಅದಕ್ಕಾಗಿ ಹಿರಿಯರು ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯನನ್ನು ಇಳಿಸಿದರು. ಇಳಿಯುವ ಆಳು ಯಾವ ಜಾತಿಯವನೇ ಆಗಿರಲಿ, ಅವನ ಪ್ರಾಣ ಆ ದೀಪದಿಂದ ಉಳಿಯಿತು. ಹೊಲದ ವಿದ್ಯೆಯ ಒಳಗೆ ನೆರೆಯವನ ಮೇಲಿನ ಪ್ರೀತಿ ಹೀಗೆ ಅಡಗಿದೆ.

ಭೇದ ತಿಳಿಯುವದೆಂದರೆ ಕಾಳನ್ನೂ ಹೊಟ್ಟನ್ನೂ ಬೇರೆಮಾಡುವದೂ ಹೌದು. ಹಿರಿಯರ ತಿಳುವಳಿಕೆಯಲ್ಲಿ ಹೊಟ್ಟೂ ಇತ್ತು. ಶಕುನಕ್ಕೆ ಅಂಜಿದರು, ಮಂತ್ರಿಸಿದ ತಾಯಿತ ಕಟ್ಟಿದರು. ಕೆಮ್ಮಿಗೆ ಆಡುಸೋಗೆಯ ಕಷಾಯ ಕೊಡುವದು ಕಾಳು. ಅದಕ್ಕೆ ಬಲಿ ಕೇಳುವದು ಹೊಟ್ಟು. ಹಾವು ಕಚ್ಚಿದವನನ್ನು ಮಂತ್ರದವನ ಬಳಿಯಲ್ಲಿ ಕೂರಿಸುವದು ಹೊಟ್ಟಿಗಿಂತಲೂ ಕೆಟ್ಟದ್ದು. ಕಚ್ಚಿದ ಅಂಗವನ್ನು ಅಲುಗಾಡಿಸದೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು, ವಿಷವನ್ನು ಇಳಿಸುವ ಮದ್ದು ಅಲ್ಲಿಯೇ ಇದೆ. ಆದರೆ ಹಾವು ಎಂಥ ಬಿಲದಲ್ಲಿರುವದು, ಯಾವ ಹೊತ್ತಿನಲ್ಲಿ ಹೊರಡುವದು, ಕಣಿಕೆಯ ಬಣವೆಗೆ ಕೈಹಾಕುವ ಮೊದಲು ಕೋಲಿನಿಂದ ಏಕೆ ತಟ್ಟಬೇಕು ಎಂಬದನ್ನು ತಿಳಿದ ಹುಡುಗನು ಆಸ್ಪತ್ರೆಯ ವರೆಗೆ ಹೋಗಬೇಕಾಗುವದೇ ಅಪರೂಪ. ಕ್ರಿಸ್ತನ ಬಳಿಗೆ ಬಂದಾಗ ನಾವು ಹೊಟ್ಟನ್ನು ತೂರಿಬಿಟ್ಟೆವು, ಅದು ಸರಿ. ಕೆಲವರು ಮೊರವನ್ನೇ ಬೋರಲು ಹಾಕಿ ಕಾಳನ್ನೂ ಚೆಲ್ಲಿಬಿಟ್ಟರು. ಅದು ಕರ್ತನ ಅಪ್ಪಣೆಯಲ್ಲ.

ಮೂರನೆಯದು: ಮಿತಿಯನ್ನು ತಿಳಿಯುವದು

ಬೆಳೆ ಕೊಯ್ಯುವಾಗ ಹೊಲದ ಮೂಲೆಗಳನ್ನು ಪೂರಾ ಕೊಯ್ಯಬಾರದು, ಹಕ್ಕಲನ್ನು ಬಡವರಿಗೂ ಪರದೇಶದವರಿಗೂ ಬಿಡಬೇಕು ಎಂದು ಯಾಜಕಕಾಂಡದ 19ನೆಯ ಅಧ್ಯಾಯವು ವಿಧಿಸುತ್ತದೆ. ಹಕ್ಕಿಯ ಗೂಡು ಸಿಕ್ಕಿದರೆ ಮರಿಗಳ ಸಂಗಡ ತಾಯಿಯನ್ನು ಹಿಡಿಯಬಾರದೆಂದು ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿದೆ. ಅಂದರೆ ಕೈಗೆ ಸಿಕ್ಕಿದ್ದೆಲ್ಲಾ ನನ್ನದಲ್ಲ. ನಮ್ಮ ಸೀಮೆಯ ಬೇರು ಬಲ್ಲವರೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತಾ ಬಂದರು: ಮದ್ದಿಗೆ ಎಲೆ ಸಾಕಾದರೆ ಬೇರನ್ನು ಕೀಳಬೇಡ, ಬೇರು ಬೇಕಾದರೆ ಒಂದನ್ನು ತೆಗೆದು ಎರಡನ್ನು ಬಿಡು, ಬೀಜ ಬಿದ್ದ ಮೇಲೆ ತೆಗೆ.

ಈ ಮಿತಿಯ ಪಾಠಕ್ಕೆ ನಮ್ಮ ಕಣ್ಣೆದುರಿಗೇ ಕಪ್ಪತಗುಡ್ಡ ನಿಂತಿದೆ. ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಲ್ಲಿ ಹಬ್ಬಿರುವ ಆ ಗುಡ್ಡಸಾಲು ಔಷಧದ ಗಿಡಮೂಲಿಕೆಗಳಿಗೆ ಬಹುಕಾಲದಿಂದ ಹೆಸರುವಾಸಿಯಾದದ್ದು. ಅದರ ಹೊಟ್ಟೆಯಲ್ಲಿ ಚಿನ್ನವೂ ಕಬ್ಬಿಣದ ಅದಿರೂ ಇರುವದರಿಂದ ಅದನ್ನು ಅಗೆಯಬೇಕೆಂಬವರು ಬಂದರು. ಅಗೆಯಬಾರದೆಂದು ಈ ಸೀಮೆಯ ಜನರು ವರುಷಗಟ್ಟಲೆ ಹೋರಾಡಿದರು. ಗದಗದ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮಿಗಳು ಆ ಹೋರಾಟದಲ್ಲಿ ಮುಂದೆ ನಿಂತವರು. ಅವರು 2018ರಲ್ಲಿ ತೀರಿಕೊಂಡರು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ಪ್ರದೇಶವು ವನ್ಯಜೀವಿ ಧಾಮವೆಂದು ಪ್ರಕಟವಾಯಿತು. ನಮ್ಮ ಮತದವರಲ್ಲದವರು ದೇವರ ಸೃಷ್ಟಿಯನ್ನು ಕಾಯುವದರಲ್ಲಿ ನಮಗಿಂತ ಮುಂದಾಗಿದ್ದರೆ, ಅವರನ್ನು ಮಾನಿಸಿ ಅವರ ಸಂಗಡ ಹೆಗಲು ಕೊಡುವದು ಕ್ರೈಸ್ತನ ಕರ್ತವ್ಯ. ಸರಕಾರದ ಆಜ್ಞೆ ಗುಡ್ಡದ ಸುತ್ತಲೂ ಗೆರೆ ಎಳೆಯಬಲ್ಲದು. ಆದರೆ ಬೇಸಿಗೆಯ ಒಣಹುಲ್ಲಿನ ನಡುವೆ ಬೀಡಿಯ ಕಿಡಿಯನ್ನು ಒಗೆಯದಿರುವ ಮನಸ್ಸನ್ನು ಮನೆಯಲ್ಲಿಯೇ ಕಲಿಸಬೇಕು. ಗಿಡದ ಹೆಸರು ತಿಳಿದ ಹುಡುಗನಿಗೆ ಅದನ್ನು ಸುಡಲು ಕೈ ಬಾರದು. ಹೆಸರು ತಿಳಿಯದವನಿಗೆ ಅದೆಲ್ಲಾ ಬರೇ ಕಸವೇ.

ಒಂದು ಆಕ್ಷೇಪಣೆಗೆ ಉತ್ತರ

ನಮ್ಮನ್ನು ಹಳೇ ಬಾಳಿಗೇ ಕಟ್ಟಿಹಾಕುತ್ತೀರೋ, ನಮ್ಮ ಮಕ್ಕಳು ಪರರ ಹೊಲದಲ್ಲಿಯೇ ಇರಬೇಕೋ ಎಂದು ಕೆಲವರು ನೊಂದು ಕೇಳಬಹುದು. ಇಲ್ಲ, ಪ್ರಿಯರೇ. ಜೀತದ ನೊಗವನ್ನು ನಾವು ಹೊಗಳುವದಿಲ್ಲ. ಮಕ್ಕಳು ಓದಲಿ, ಬೇಕಾದ ಉದ್ಯೋಗವನ್ನು ಹಿಡಿಯಲಿ. ಆದರೆ ನೊಗವನ್ನು ಇಳಿಸುವಾಗ ವಿದ್ಯೆಯನ್ನೂ ಇಳಿಸಬೇಕೆಂದೇನೂ ಇಲ್ಲ. ದಾವೀದನು ಅರಸನಾದನು, ಗೊಲ್ಯಾತನ ಮುಂದೆ ಅವನ ಕೈಗೆ ಬಂದದ್ದು ಸೌಲನ ಕವಚವಲ್ಲ, ಕುರಿ ಕಾಯುವಾಗ ಕಲಿತ ಕವಣೆ ಮತ್ತು ಹಳ್ಳದಲ್ಲಿ ಆರಿಸಿದ ನುಣುಪಾದ ಕಲ್ಲು. ಆಮೋಸನು ಪ್ರವಾದಿಯಾದನು, ತಾನು ದನ ಕಾಯುವವನೂ ಅತ್ತಿಮರಗಳನ್ನು ನೋಡಿಕೊಳ್ಳುವವನೂ ಆಗಿದ್ದೆನೆಂದು ಹೇಳಲಿಕ್ಕೆ ನಾಚಲಿಲ್ಲ. ಪೌಲನು ದೊಡ್ಡ ಪಂಡಿತನು. ಗುಡಾರ ಹೊಲಿಯುವ ಸೂಜಿಯನ್ನು ಬಿಡಲಿಲ್ಲ.

ಓದಿದವರೂ ಹಳ್ಳಿಯವರ ಮುಂದೆ ಶಿಷ್ಯರಾದದ್ದುಂಟು. 1853ರಲ್ಲಿ ಜರ್ಮನಿಯಿಂದ ಬಾಸೆಲ್ ಮಿಶನ್ನಿನ ಸೇವಕನಾಗಿ ಬಂದ ಫರ್ಡಿನಂಡ್ ಕಿಟೆಲರು ಕನ್ನಡದ ಹಳೇ ಗ್ರಂಥಗಳನ್ನು ಶೋಧಿಸಿದ್ದಲ್ಲದೆ, ಜನರ ಬಾಯಿಮಾತುಗಳನ್ನೂ ಗಾದೆಗಳನ್ನೂ ಗಿಡಮರಗಳ ಹೆಸರುಗಳನ್ನೂ ಕೂಡಿಸಿದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಮಹಾ ಶಬ್ದಕೋಶದಲ್ಲಿ ಸುಮಾರು 70,000 ಪದಗಳಿವೆ. ದೂರದೇಶದ ಪಂಡಿತನೊಬ್ಬನು ಬರೆದಿಟ್ಟುಕೊಳ್ಳಲು ಯೋಗ್ಯವೆಂದು ಎಣಿಸಿದ ಮಾತನ್ನು ನಮ್ಮ ಸ್ವಂತ ಮಗನು ತುಚ್ಛವೆಂದು ಎಣಿಸಬಹುದೋ?

ನಾವು ಮಾಡತಕ್ಕದ್ದೇನು?

ಒಂದನೆಯದಾಗಿ, ಆದಿತ್ಯವಾರದ ಆರಾಧನೆಯ ಮೇಲೆ ಸಂಜೆಯಲ್ಲಿ ತಂದೆಯಾಗಲಿ ಅಜ್ಜನಾಗಲಿ ಮಕ್ಕಳನ್ನು ಹೊಲದ ಬದುವಿನ ಮೇಲೆ ಕರೆದುಕೊಂಡು ಹೋಗಲಿ. ದಿನಕ್ಕೆ ಒಂದು ಗಿಡ ಸಾಕು: ಅದರ ಹೆಸರು, ಅದರ ಎಲೆಯ ಗುರುತು, ತಿನ್ನಬಹುದೋ ಬಾರದೋ. ಗುರುತು ನಿಶ್ಚಯವಾಗದ್ದನ್ನು ಬಾಯಿಗಿಡಬಾರದೆಂಬ ನಿಯಮವನ್ನೇ ಮೊದಲು ಕಲಿಸಲಿ. ವರುಷದ ಕೊನೆಗೆ ಮಗುವು ಐವತ್ತು ಗಿಡಗಳನ್ನು ಬಲ್ಲದು.

ಎರಡನೆಯದಾಗಿ, ಸಂಡೇ ಸ್ಕೂಲಿನ ಉಪಾಧ್ಯಾಯರು ಕರ್ತನ ಸಾಮ್ಯಗಳನ್ನು ಕಲಿಸುವಾಗ ಗೋಡೆಯ ಚಿತ್ರಕ್ಕಿಂತ ಹೊಲವನ್ನೇ ತೋರಿಸಲಿ. ಬಿತ್ತುವವನ ಸಾಮ್ಯವನ್ನು ಬಿತ್ತುವ ದಿನದಲ್ಲಿ, ಕೂರಿಗೆಯ ಹಿಂದೆ ನಡೆದು ಕಲಿತ ಮಗುವು ಸಾಯುವ ತನಕ ಮರೆಯಲಾರದು. ಆಕಾಶದ ಹಕ್ಕಿಗಳನ್ನು ನೋಡಿರಿ, ಅಡವಿಯ ಹೂಗಳನ್ನು ಗಮನಿಸಿರಿ ಎಂದು ಕರ್ತನು ಹೇಳಿದಾಗ, ಜನರು ಬಯಲಿನಲ್ಲಿ ಕೂತಿದ್ದರು.

ಮೂರನೆಯದಾಗಿ, ಬಲ್ಲವರು ಯಾರೇ ಆಗಿರಲಿ, ಅವರ ಬಳಿಗೆ ತಗ್ಗಿ ಹೋಗಿ ಕೇಳಿರಿ. ಕುರಿ ಕಾಯುವ ಹಾಲುಮತದ ಮುದುಕನು, ತಾಂಡೆಯ ಲಂಬಾಣಿ ತಾಯಿಯು, ಕೇರಿಯ ವಿಧವೆಯಾದ ಅಜ್ಜಿಯು ನಿಮಗೆ ಗುರುಗಳಾಗಲಿ. ಅವರೊಂದಿಗೆ ಒಂದು ಕೈಕೆಲಸವನ್ನೂ ಕಲಿಯಿರಿ: ಹಗ್ಗ ಹೊಸೆಯುವದು, ಒಡ್ಡು ಹಾಕುವದು, ಬೀಜ ಕಾದಿಡುವದು. ಅಕ್ಷರ ಬಲ್ಲ ಮಕ್ಕಳು ಅವರ ಮಾತನ್ನು ವಹಿಯಲ್ಲಿ ಬರೆದಿಡಲಿ. ಓದಿಗೂ ಹೊಲಕ್ಕೂ ಇದರಿಂದ ಸಂಧಿಯಾಗುವದು. ಈಗೀಗ ಮಳೆಯ ಕ್ರಮವು ಕೆಡುತ್ತಾ ಬಂದಿರುವದರಿಂದ ಹಿರಿಯರ ಎಣಿಕೆಯೂ ಕೆಲವು ಸಾರಿ ತಪ್ಪುವದು. ಆದದರಿಂದ ಹವಾಮಾನ ಇಲಾಖೆಯ ಸಮಾಚಾರವನ್ನೂ ಕೇಳಿರಿ, ನೆಲದ ಹದವನ್ನೂ ಮುಟ್ಟಿ ನೋಡಿರಿ.

ಪ್ರಿಯರೇ, ಒಂದು ತಲಾಂತನ್ನು ಹೂತಿಟ್ಟ ಆಳಿನ ಲೆಕ್ಕವನ್ನು ಯಜಮಾನನು ಕೇಳಿದನು. ಆ ಆಳು ತಲಾಂತನ್ನು ಕಳೆದುಬಿಡಲಿಲ್ಲ, ಕದಿಯಲಿಲ್ಲ. ಯಾರಿಗೂ ಉಪಯೋಗವಾಗದಂತೆ ಮಣ್ಣಿನಲ್ಲಿ ಮುಚ್ಚಿದನು, ಅಷ್ಟೇ. ಒಬ್ಬ ಅಜ್ಜನು ತನ್ನ ತಿಳುವಳಿಕೆಯನ್ನು ಯಾರಿಗೂ ಕೊಡದೆ ಹೋದರೆ ನಾವು ಅವನ ದೇಹದೊಂದಿಗೆ ಒಂದು ಶಾಲೆಯನ್ನೇ ಹೂಳುತ್ತೇವೆ. ಪುಸ್ತಕ ಸುಟ್ಟರೆ ಮತ್ತೊಂದು ಪ್ರತಿ ಸಿಕ್ಕೀತು. ಒಂದು ತಲೆಮಾರು ಕೇಳದೆ ಬಿಟ್ಟ ಮಾತಿಗೆ ಪ್ರತಿ ಇಲ್ಲ. ಆ ಅಜ್ಜನು ಇನ್ನೂ ನಿಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದರೆ, ಈ ಹೊತ್ತೇ ಅವನ ಮಗ್ಗುಲಲ್ಲಿ ಕೂತುಕೊಳ್ಳಿರಿ.

ಪ್ರಾರ್ಥನೆ: ಆಕಾಶವನ್ನೂ ಭೂಮಿಯನ್ನೂ ಉಂಟುಮಾಡಿದ ತಂದೆಯೇ, ನಮ್ಮ ಹಿರಿಯರಿಗೆ ನೀನು ಹೊಲದಲ್ಲಿ ಕಲಿಸಿದ್ದಕ್ಕಾಗಿ ನಿನ್ನನ್ನು ಕೊಂಡಾಡುತ್ತೇವೆ. ಅವರ ಕೈಗಳನ್ನು ಕಂಡು ನಾಚದ ಮನಸ್ಸನ್ನು ನಮ್ಮ ಮಕ್ಕಳಿಗೆ ಕೊಡು. ಸಮಯವನ್ನೂ ಭೇದವನ್ನೂ ಮಿತಿಯನ್ನೂ ತಿಳಿಯುವ ವಿವೇಕವನ್ನು ನಮಗೆ ದಯಪಾಲಿಸು. ಎರೆ ನೆಲಕ್ಕೂ ಮಸಾರಿ ನೆಲಕ್ಕೂ ತಕ್ಕ ಕಾಲದಲ್ಲಿ ಮಳೆ ಕೊಡು. ನಮ್ಮ ಹೃದಯದ ನೆಲದಲ್ಲಿಯೂ ನಿನ್ನ ವಾಕ್ಯವು ಹದದಲ್ಲಿ ಬಿದ್ದು ಫಲಕೊಡಲಿ. ನಮ್ಮ ಕರ್ತನಾದ ಯೇಸು ಕ್ರಿಸ್ತನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.